ರಿಫ್‌ಗೆ ಪ್ರಸ್ತಾರ ಹಾಕುವುದು ಹೇಗೆ: ಬೆಂಗಳೂರಿನ ಒಂದು ಮೆಟಲ್ ಬ್ಯಾಂಡನ್ನು ಲೆಕ್ಕ ಹಿಡಿದು ಕೇಳುವ ದಾರಿ

ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು. ಪದ್ಯದ ಸಾಲು ಕೊಟ್ಟು, ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಛಂದಸ್ಸಿನ ಹೆಸರು ಬರೆಯಿರಿ ಅಂತ. ಲಘುವಿಗೆ ಬಟ್ಟಲಿನಂಥ ಗುರುತು, ಗುರುವಿಗೆ ಅಡ್ಡಗೆರೆ. ಇದು ಮುಂದೆ ಯಾವ ಕೆಲಸಕ್ಕೆ ಬರುತ್ತೆ ಅಂತ ಹಿಂದಿನ ಬೆಂಚಿನಲ್ಲಿ ಕೂತು ನಾನೂ ಗೊಣಗಿದ್ದೆ. ಬಂತು. ಮೆಟಲ್, ಅಂದರೆ ಗಿಟಾರು ಡ್ರಮ್ಮು ಅಬ್ಬರಿಸುವ ಭಾರವಾದ ರಾಕ್ ಸಂಗೀತ, ಕೇಳುವಾಗ ಬಂತು.

ಬೆಂಗಳೂರಿನಲ್ಲಿ ಎಕ್ಸೆಂಟ್ರಿಕ್ ಪೆಂಡ್ಯುಲಮ್ ಅಂತ ಒಂದು ಬ್ಯಾಂಡ್. ಪ್ರೋಗ್ರೆಸ್ಸಿವ್ ಮೆಟಲ್, ಅಂದರೆ ತಾಳದ ಲೆಕ್ಕ ತಿರುಚಿದ ಮೆಟಲ್, ನುಡಿಸುತ್ತಾರೆ. 2011ರಲ್ಲಿ ಮೆಟಲ್ ಬ್ಯಾಟಲ್ ಸ್ಪರ್ಧೆಯ ಭಾರತದ ಸುತ್ತು ಗೆದ್ದು, ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದರು. ಉತ್ತರ ಜರ್ಮನಿಯ ಆ ಸಣ್ಣ ಹಳ್ಳಿಯಲ್ಲಿ 1990ರಿಂದ ನಡೆಯುತ್ತಿರುವ ಉತ್ಸವ ಅದು. ಮೆಟಲ್ ಜನಕ್ಕೆ ಜಾತ್ರೆ ಇದ್ದ ಹಾಗೆ. ಅದೇ ವರ್ಷ ಇವರ ಮೊದಲ ಪೂರ್ಣ ಆಲ್ಬಮ್ 'ವೈಂಡಿಂಗ್ ದಿ ಆಪ್ಟಿಕ್ಸ್' ಬಂತು. ಅಷ್ಟಾದರೂ ಊರಿನಲ್ಲಿ ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ 'ಯಾರಪ್ಪಾ ಅವರು?' ಅನ್ನುತ್ತಾರೆ. ಅದೇ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನಕ್ಕೆ ಮೆಟಾಲಿಕಾ ಬಂದದ್ದು ಮಾತ್ರ ಎಲ್ಲರಿಗೂ ನೆನಪಿದೆ. ಹೋಗದವರಿಗೂ.

ಕೇಳಿ ಬಿಟ್ಟವರು ಕೊಡುವ ಕಾರಣ ಒಂದೇ: 'ತಲೆ ಆಡಿಸೋಕೆ ಆಗಲ್ಲ, ಎಲ್ಲಿ ಶುರು ಎಲ್ಲಿ ಮುಗಿಯುತ್ತೆ ಗೊತ್ತಾಗಲ್ಲ.' ದೂರು ನಿಜ. ಆದರೆ ಆ 'ಗೊತ್ತಾಗಲ್ಲ' ಅನ್ನುವ ಜಾಗದಲ್ಲೇ ಇವರ ಮಜಾ ಇರುವುದು. ಅದನ್ನು ಹಿಡಿಯಲು ಗಿಟಾರ್ ಕಲಿಯಬೇಕಿಲ್ಲ, ಇಂಗ್ಲಿಷ್ ಸಂಗೀತದ ಲಿಪಿ ಓದಬೇಕಿಲ್ಲ. ಬೇಕಾದ ಸಾಮಾನು ನಮ್ಮ ಮನೆಯಲ್ಲೇ ಇದೆ. ಆದಿತಾಳ ಹಾಕಲು ಬರುವ ಒಂದು ಕೈ, ಮೇಷ್ಟ್ರು ಕಲಿಸಿದ ಲಘು ಗುರು, ಇಷ್ಟು ಸಾಕು.

ಮೊದಲು ಕೇಳುವ ಸಾಧನ

ಫೋನಿನ ಸ್ಪೀಕರಿನಲ್ಲಿ ಈ ಸಂಗೀತ ಕೇಳಬೇಡಿ. ಬಾಸ್ ಗಿಟಾರ್ ಪೂರ್ತಿ ಮಾಯವಾಗುತ್ತದೆ, ಕಿಕ್ ಡ್ರಮ್ಮಿನ ಸದ್ದು ಟಿಕ್ ಟಿಕ್ ಅನ್ನುತ್ತದೆ. ಮಧ್ಯಮ ದರ್ಜೆಯ ವೈರ್ ಇರುವ ಇಯರ್‌ಫೋನ್ ಸಾಕು. ಬ್ಲೂಟೂತ್ ಹಾಕಿಕೊಂಡು ವಿಡಿಯೊ ನೋಡಿದರೆ ಕೆಲವೊಮ್ಮೆ ಡ್ರಮ್ಮರ್ ಕೈ ಒಂದು ಕಡೆ, ಸದ್ದು ಇನ್ನೊಂದು ಕಡೆ. ಲೆಕ್ಕ ಹಾಕುವವರಿಗೆ ಅದು ಹಿಂಸೆ.

ಎಲ್ಲಿ ಕೇಳಬೇಕು? ನಾನು ಕಲಿತದ್ದು ಬಸ್ಸಿನಲ್ಲಿ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕೂತು. ತೊಡೆಯ ಮೇಲೆ ತಾಳ ಹಾಕುತ್ತಿದ್ದರೆ ಪಕ್ಕದ ಅಜ್ಜಿ ಯಾವುದೋ ಕೀರ್ತನೆ ಕೇಳುತ್ತಿದ್ದಾನೆ ಅಂದುಕೊಂಡು ಮೆಚ್ಚುಗೆಯಿಂದ ನೋಡುತ್ತಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಹೆಜ್ಜೆ 1: ಕೈ ತಪ್ಪದಿರಲಿ

ಆದಿತಾಳ ಹಾಕಿ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಮತ್ತೆ ಪೆಟ್ಟು, ಹುಸಿ (ಅಂಗೈ ಮೇಲೆ ತಿರುಗಿಸುವುದು), ಪೆಟ್ಟು, ಹುಸಿ. ನಾಲ್ಕು, ಎರಡು, ಎರಡು, ಒಟ್ಟು ಎಂಟು. ಸಂಗೀತ ಪಾಠಕ್ಕೆ ಒಂದು ತಿಂಗಳು ಹೋದವರಿಗೂ ಇದು ಗೊತ್ತು.

ಇಲ್ಲಿ ಒಂದೇ ನಿಯಮ. ಹಾಡಿನಲ್ಲಿ ಏನೇ ಆದರೂ ಕೈ ನಿಲ್ಲಿಸಬೇಡಿ. ಗಿಟಾರ್ ಎಲ್ಲೆಲ್ಲಿಗೋ ಹೋಗುತ್ತದೆ, ಹೋಗಲಿ. ಅದರ ಹಿಂದೆ ಕೈ ಓಡಿದರೆ ಕೆಟ್ಟಿತು. ಬಯಲಿಗೆ ಬಿಟ್ಟ ಕರು ಸಂಜೆ ಹಟ್ಟಿಗೆ ಬರುತ್ತದೆ, ಹಟ್ಟಿ ಎದ್ದು ಕರುವಿನ ಹಿಂದೆ ಹೋಗಬಾರದು. ನಾನು ಮೊದಲ ಆರು ತಿಂಗಳು ಮಾಡಿದ್ದು ಈ ತಪ್ಪನ್ನೇ. ಪ್ರತಿ ಗಿಟಾರ್ ಪೆಟ್ಟಿಗೂ ತಲೆ ಆಡಿಸಿ ಆಡಿಸಿ ಕುತ್ತಿಗೆ ನೋವು ಬಂತು, ತಾಳ ಸಿಗಲಿಲ್ಲ.

ಹೆಜ್ಜೆ 2: ತಾಳ ಹಿಡಿದವರು ಯಾರು ಅಂತ ಹುಡುಕಿ

ಕಛೇರಿಯಲ್ಲಿ ತಾಳ ಹಾಕುವ ಕೈ ಕಣ್ಣಿಗೆ ಕಾಣುತ್ತದೆ. ಮೆಟಲ್‌ನಲ್ಲಿ ಆ ಕೈ ಡ್ರಮ್ಮರಿನದು, ಅದೂ ಸಾಮಾನ್ಯವಾಗಿ ಬಲಗೈ. ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳಿಗೆ ಸಿಂಬಲ್ ಅನ್ನುತ್ತಾರೆ. ಹೈಹ್ಯಾಟ್, ರೈಡ್ ಅಥವಾ ಆ ಒಡೆದ ತಟ್ಟೆಯಂತೆ ಸದ್ದು ಮಾಡುವ ಚೈನಾ ಸಿಂಬಲ್, ಇವುಗಳಲ್ಲಿ ಒಂದರ ಮೇಲೆ ಸಮನಾಗಿ ಬೀಳುತ್ತಿರುವ ಪೆಟ್ಟನ್ನು ಕಿವಿಯಲ್ಲಿ ಹಿಡಿಯಿರಿ. ಕಾಲಿನ ಡಬಲ್ ಪೆಡಲ್ ಬಹಳ ಸಲ ಗಿಟಾರಿನ ಜೊತೆ ಹೋಗುತ್ತದೆ, ಅದನ್ನು ನಂಬಿದರೆ ದಾರಿ ತಪ್ಪುತ್ತೀರಿ. ಸ್ನೇರ್ ಡ್ರಮ್ಮಿನ 'ಟಪ್' ಎಲ್ಲಿ ಬೀಳುತ್ತಿದೆ ನೋಡಿ. ಭಾರದ ಭಾಗಗಳಲ್ಲಿ ಅದು ನಾಲ್ಕರ ಎಣಿಕೆಯಲ್ಲಿ ಹೆಚ್ಚಾಗಿ ಮೂರನೆಯದರ ಮೇಲೆ ಕೂರುತ್ತದೆ. ಸಿಂಬಲ್, ಸ್ನೇರ್ ಎರಡೂ ಸಿಕ್ಕರೆ ನಿಮ್ಮ ಆದಿತಾಳಕ್ಕೆ ನೆಲ ಸಿಕ್ಕಿತು.

ಡ್ರಮ್ ತುಂಬ ಜೋರಾಗಿ ಓಡುವ ಜಾಗ ಬರುತ್ತದೆ. ಬ್ಲಾಸ್ಟ್ ಬೀಟ್ ಅನ್ನುತ್ತಾರೆ, ಮಳೆಗಾಲದಲ್ಲಿ ಶೀಟಿನ ಮನೆಯೊಳಗೆ ಕೂತ ಹಾಗಿರುತ್ತದೆ. ಅಲ್ಲಿ ಪ್ರತಿ ಪೆಟ್ಟನ್ನು ಎಣಿಸಲು ಹೋಗಬೇಡಿ. ಸಂಗೀತ ಪಾಠದಲ್ಲಿ ವರಸೆಯನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡಿಸುತ್ತಿದ್ದರಲ್ಲ, ಆಗ ಬಾಯಿ ಓಡುತ್ತಿತ್ತು, ಕೈ ಮಾತ್ರ ಅದೇ ನಿಧಾನದಲ್ಲಿ ಇರುತ್ತಿತ್ತು. ಹಾಗೇ ಇದು.

ಹೆಜ್ಜೆ 3: ನಿಧಾನದಿಂದ ಹತ್ತಿ

ಈಜು ಬಾರದವರನ್ನು ನೇರವಾಗಿ ಬಾವಿಗೆ ತಳ್ಳುವುದು ನಮ್ಮ ಕಡೆಯ ಪದ್ಧತಿ. ಆದರೂ ಇಲ್ಲಿ ಬೇಡ. ಇದೇ ಊರಿನ ಬೆವರ್ ಸೀ ಬ್ಯಾಂಡಿನಿಂದ ಶುರು ಮಾಡಿ. ಹೆಸರನ್ನು ಸ್ವಲ್ಪ ಬೇಗ ಹೇಳಿ ನೋಡಿ, ಬೈಗುಳ ಬರುತ್ತದೆ. ಹೆಸರಿನಲ್ಲೇ ಊರು ಗೊತ್ತಾಗುವ ಬ್ಯಾಂಡ್ ಬೇರೆ ಯಾವುದಿದೆ! ಇವರದು ಡೂಮ್, ಅಂದರೆ ಆನೆ ನಡಿಗೆ. 2012ರಲ್ಲಿ ಇವರ ಮೊದಲ ಆಲ್ಬಮ್ ಬಂತು. ಇದಕ್ಕೆ ಕೈ ಹಾಕುತ್ತ ಒಂದು ವಾರ ಕಳೆಯಿರಿ.

ಆಮೇಲೆ ಕ್ರಿಪ್ಟೋಸ್. 1998ರಿಂದ ಇರುವವರು, 2013ರಲ್ಲಿ ಇವರೂ ವಾಕನ್‌ಗೆ ಹೋಗಿ ಬಂದರು. ಹಳೆಯ ಹೆವಿ ಮೆಟಲ್ ಶೈಲಿ, ನೇರವಾದ ಓಟ. ಇಲ್ಲಿ ಕೈ ಚುರುಕಾಗುತ್ತದೆ.

ಮೂರನೆಯದಾಗಿ, ಎಲ್ಲರೂ ಕೇಳಿರುವ ಒಂದು ಹಾಡನ್ನು ಮತ್ತೆ ಕೇಳಿ: ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್'. ಹಾಡಿನ ಮಾತು ಶುರುವಾಗುವ ಭಾಗದಲ್ಲಿ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕಿನಲ್ಲಿ ಮೂರು ಸುತ್ತು ನಾಲ್ಕರ ಎಣಿಕೆ ಸರಿಯಾಗಿರುತ್ತದೆ, ನಾಲ್ಕನೆಯ ಸುತ್ತು ಗಿಡ್ಡ. ವರ್ಷಗಟ್ಟಲೆ ಕೇಳಿದವರಿಗೂ ಇದು ಗೊತ್ತಿರುವುದಿಲ್ಲ, ಏಕೆಂದರೆ ಮೈ ತಾನಾಗಿಯೇ ಎಡವಿ ಸರಿ ಮಾಡಿಕೊಂಡಿರುತ್ತದೆ. ಆ ಎಡವುವ ಜಾಗವನ್ನು ನಿಮ್ಮ ಕೈ ಕಂಡುಹಿಡಿದ ದಿನ ಎಕ್ಸೆಂಟ್ರಿಕ್ ಪೆಂಡ್ಯುಲಮ್‌ಗೆ ಬನ್ನಿ.

ಹೆಜ್ಜೆ 4: ರಿಫ್‌ಗೆ ಪ್ರಸ್ತಾರ

ಇನ್ನು ಮೇಷ್ಟ್ರ ಕೆಲಸ. ರಿಫ್ ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು. ಅದರಲ್ಲಿ ಎರಡು ಬಗೆಯ ಸದ್ದು ಕೇಳಿಸುತ್ತದೆ. ಒಂದು, ಅಂಗೈಯಿಂದ ತಂತಿ ಅದುಮಿ ಹೊಡೆಯುವ 'ಡುಗ್'. ಅದಕ್ಕೆ ಪಾಮ್ ಮ್ಯೂಟ್ ಅನ್ನುತ್ತಾರೆ. ಇನ್ನೊಂದು, ತಂತಿಯನ್ನು ಬಿಟ್ಟು ಮೊಳಗಿಸುವ 'ಜೂಂ'. ಡುಗ್ ಅನ್ನು ಲಘು ಅಂತ ಇಟ್ಟುಕೊಳ್ಳಿ, ಒಂದು ಮಾತ್ರೆ. ಜೂಂ ಅನ್ನು ಗುರು ಅನ್ನಿ, ಎರಡು ಮಾತ್ರೆ. ಮೌನ ಬಂದರೆ ಅದಕ್ಕೂ ಮಾತ್ರೆ ಇದೆ, ಸೊನ್ನೆ ಬರೆದುಕೊಳ್ಳಿ. ಜೂಂ ಕೆಲವೊಮ್ಮೆ ಮೂರು ನಾಲ್ಕು ಮಾತ್ರೆ ಎಳೆಯುತ್ತದೆ, ಛಂದಸ್ಸಿನ ಪುಸ್ತಕದಲ್ಲಿ ಅದಕ್ಕೆ ಪ್ಲುತ ಅಂತ ಒಂದು ಮಾತಿದೆ. ಆದರೆ ಅಷ್ಟು ದೂರ ಹೋಗಬೇಕಿಲ್ಲ.

ಯೂಟ್ಯೂಬಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಹತ್ತು ಸೆಕೆಂಡಿನಷ್ಟು ಭಾಗ ಮಾತ್ರ ತೆಗೆದುಕೊಳ್ಳಿ. ಕಾಗದದ ಮೇಲೆ ಬಟ್ಟಲು, ಗೆರೆ ಹಾಕುತ್ತ ಹೋಗಿ. ಮೊದಲ ಸಲ ತಪ್ಪು ಬರುತ್ತದೆ. ಐದನೇ ಸಲಕ್ಕೆ ಒಂದು ಆಕಾರ ಕಾಣುತ್ತದೆ, ಅದೇ ಗಣ ಮರುಕಳಿಸುವುದು ಗೊತ್ತಾಗುತ್ತದೆ.

ಈಗ ಕುಮಾರವ್ಯಾಸನನ್ನು ನೆನಪಿಸಿಕೊಳ್ಳಿ. ಭಾಮಿನಿ ಷಟ್ಪದಿಯ ಸಾಲು: ಶ್ರೀವ, ನಿತೆಯರ, ಸನೆವಿ, ಮಲರಾ. ಮೂರು, ನಾಲ್ಕು, ಮೂರು, ನಾಲ್ಕು. ಅಂದರೆ ಏಳು, ಏಳು. ಗಮಕಿಗಳು ಗದುಗಿನ ಭಾರತ ಓದುವಾಗ ಹಳ್ಳಿಯ ಜಗಲಿಯಲ್ಲಿ ಕೂತ ಜನ ಏಳರ ಲಯಕ್ಕೆ ತಲೆದೂಗುತ್ತಿದ್ದರು, ಯಾರೂ 'ಕಷ್ಟ ಕಣಯ್ಯಾ' ಅನ್ನಲಿಲ್ಲ. ಲಕ್ಷ್ಮೀಶನ ವಾರ್ಧಕ ಷಟ್ಪದಿಯಾದರೆ ಐದೈದರ ಗಣ. ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ಮಿಶ್ರಛಾಪು, ಅದೂ ಏಳೇ. ಮಗುವನ್ನು ಮಲಗಿಸಲು ಅಮ್ಮಂದಿರು ಹಾಡುವ ಹಾಡು. ಏಳರ ಲಯ ವಿಚಿತ್ರ, ಬುದ್ಧಿವಂತರಿಗೆ ಮಾತ್ರ ಅಂತ ಮೆಟಲ್ ಅಭಿಮಾನಿಗಳು ಬೀಗುವುದನ್ನು ಕಂಡರೆ ನನಗೆ ನಗು ಬರುತ್ತದೆ. ನಾವು ಏಳರಲ್ಲಿ ತೂಗಿಸಿಕೊಂಡು ಬೆಳೆದವರು.

ಸೊಲ್ಲುಗಳನ್ನು ಬಾಯಲ್ಲಿ ಹೇಳಿ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟತಕಧಿಮಿ. 'ಒನ್ ಟೂ ತ್ರೀ' ಅಂತ ಎಣಿಸುವುದಕ್ಕಿಂತ ಇದು ಎಷ್ಟೋ ವಾಸಿ. 'ಸೆವೆನ್' ಅನ್ನುವ ಮಾತೇ ಎರಡು ತುಂಡು, ಜೋರು ಓಟದಲ್ಲಿ ನಾಲಿಗೆ ಸಿಕ್ಕಿಕೊಳ್ಳುತ್ತದೆ. ತಕಿಟ ಹಾಗೆ ಕೈಕೊಡುವುದಿಲ್ಲ.

ಹೆಜ್ಜೆ 5: ಜಗಳ ಎಲ್ಲಿದೆ ನೋಡಿ

ಪ್ರಸ್ತಾರ ಹಾಕಿದ ಮೇಲೆ ಗಿಟಾರ್ ಏಳರಲ್ಲಿದೆ ಅಂತ ಗೊತ್ತಾಯಿತು ಅನ್ನಿ. ಮುಂದಿನ ಪ್ರಶ್ನೆ: ಸಿಂಬಲ್ ಕೂಡ ಏಳರಲ್ಲಿದೆಯಾ?

ಎರಡೂ ಏಳರಲ್ಲೇ ಇದ್ದರೆ ಅದು ಮಿಶ್ರಛಾಪು ಇದ್ದ ಹಾಗೆ. ಆದಿತಾಳ ಬಿಟ್ಟು ಆ ತಾಳಕ್ಕೆ ಬನ್ನಿ, ಕೆಲಸ ಮುಗಿಯಿತು. ಆದರೆ ಸಿಂಬಲ್ ನಿಧಾನವಾಗಿ ನಾಲ್ಕರಲ್ಲಿ ನಡೆಯುತ್ತಿದ್ದು, ಗಿಟಾರ್ ಮಾತ್ರ ಏಳೇಳರ ತುಂಡುಗಳನ್ನು ಅದರ ಮೇಲೆ ಪೇರಿಸುತ್ತಿದ್ದರೆ, ಆಗ ಕುರ್ಚಿ ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿ. ಸ್ವೀಡನ್ನಿನ ಮೆಶುಗಾ ಬ್ಯಾಂಡ್ ಲೋಕಕ್ಕೆಲ್ಲ ಹರಡಿದ ಉಪಾಯ ಇದು. ಆಮೇಲೆ ಬಂದ ಪ್ರೋಗ್ರೆಸ್ಸಿವ್ ಮೆಟಲ್ ಬ್ಯಾಂಡುಗಳು, ನಮ್ಮೂರಿನವೂ ಸೇರಿ, ಇದರ ನೆರಳಿನಲ್ಲೇ ಬೆಳೆದವು.

ಒಂದು ಲೆಕ್ಕ ಮಾಡೋಣ. ಇದು ಯಾವ ಹಾಡಿನದೂ ಅಲ್ಲ, ನಾನೇ ಕಟ್ಟಿದ್ದು. ರಿಫ್ ಹೀಗಿದೆ: ಜೂಂ ಡುಗ್, ಡುಗ್ ಡುಗ್ ಜೂಂ. ಗುರು ಲಘು ಸೇರಿ ಮೂರು, ಲಘು ಲಘು ಗುರು ಸೇರಿ ನಾಲ್ಕು, ಒಟ್ಟು ಏಳು ಮಾತ್ರೆ. ಕೆಳಗೆ ಆದಿತಾಳ, ಪ್ರತಿ ಎಣಿಕೆಗೆ ನಾಲ್ಕು ಮಾತ್ರೆ. ಎಂಟು ಎಣಿಕೆಗೆ 32 ಮಾತ್ರೆ, ಒಂದು ಆವರ್ತ.

ರಿಫ್ ಅನ್ನು ನಾಲ್ಕು ಸಲ ನುಡಿಸಿದರೆ 28. ಇನ್ನೂ ನಾಲ್ಕು ಮಾತ್ರೆ ಉಳಿಯಿತು. ಅಲ್ಲಿ ಡುಗ್ ಡುಗ್ ಡುಗ್ ಡುಗ್ ಅಂತ ಒಂದು ತಕಧಿಮಿ ಹಾಕಿ ಮತ್ತೆ ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದುಬಿಡುತ್ತಾರೆ.

ಕೈಯಲ್ಲಿ ತಾಳ ಹಾಕುತ್ತ ಬಾಯಲ್ಲಿ ಈ ರಿಫ್ ಹೇಳಿ ನೋಡಿ. ಮೊದಲನೆಯದು ಪೆಟ್ಟಿನ ಮೇಲೆ ಸರಿಯಾಗಿ ಶುರುವಾಗುತ್ತದೆ. ಎರಡನೆಯದು ಮೂರನೇ ಎಣಿಕೆಗೆ ಒಂದು ಮಾತ್ರೆ ಮುಂಚೆ ಬರುತ್ತದೆ. ಮೂರನೆಯದು ಐದನೇ ಎಣಿಕೆಗೆ ಎರಡು ಮಾತ್ರೆ ಮುಂಚೆ. ನಾಲ್ಕನೆಯದು ಏಳಕ್ಕೆ ಮೂರು ಮಾತ್ರೆ ಮುಂಚೆ. ನೆಲ ಜಾರುತ್ತಿದೆ ಅನ್ನಿಸುವುದು ಇದಕ್ಕೇ. ಆಮೇಲೆ ಬರುವ ತಕಧಿಮಿ ಎಂಟನೇ ಎಣಿಕೆಯ, ಅಂದರೆ ಕೊನೆಯ ಹುಸಿಯ, ನೆತ್ತಿಯ ಮೇಲೇ ಕೂರುತ್ತದೆ. ಜಾರಿ ಜಾರಿ ಬಿದ್ದೆ ಅಂದುಕೊಂಡವನು ಎದ್ದು ನಿಂತಿರುತ್ತಾನೆ. ಹೊಟ್ಟೆಯಲ್ಲಿ ಏನೋ ಆಗುತ್ತದೆ, ಕೇಳಿದವರಿಗೇ ಗೊತ್ತು.

ಮೃದಂಗದವರು ಇದನ್ನು ಓದಿದರೆ 'ಇಷ್ಟೇನಾ' ಅನ್ನಬಹುದು. ಸರಿಯೇ. ಕಛೇರಿಯ ತನಿ ಆವರ್ತನದಲ್ಲಿ, ಅಂದರೆ ಲಯವಾದ್ಯದವರು ಮಾತ್ರ ನುಡಿಸುವ ಭಾಗದಲ್ಲಿ, ಮುಕ್ತಾಯ ಕಟ್ಟುವಾಗ ಅವರು ಹಾಕುವುದು ಇದೇ ಬಗೆಯ ಲೆಕ್ಕ. ಐದರ ರಿಫ್ ಆದರೆ ಆರು ಸಲ ನುಡಿಸಿ ಎರಡು ಮಾತ್ರೆ ಸೇರಿಸಬೇಕು, ಮೂರರದಾದರೆ ಹತ್ತು ಸಲ ನುಡಿಸಿ ಎರಡು. ಕೆಲವೊಮ್ಮೆ ಉಳಿದದ್ದನ್ನು ತುಂಬದೆ, ಕೊನೆಯ ರಿಫ್‌ನ ಬಾಲ ಕತ್ತರಿಸಿ ಸಮಕ್ಕೆ ತರುತ್ತಾರೆ. ನೀವು ಪ್ರಸ್ತಾರ ಹಾಕುತ್ತಿರುವಾಗ ಕೊನೆಯ ಗಣ ಅರ್ಧಕ್ಕೇ ನಿಂತರೆ ನಿಮ್ಮ ಲೆಕ್ಕ ತಪ್ಪಿಲ್ಲ, ಅವರೇ ಕತ್ತರಿಸಿದ್ದಾರೆ.

ಇನ್ನೊಂದು ಸೂಕ್ಷ್ಮ. ಕೆಲವು ರಿಫ್‌ಗಳು ಸಮಕ್ಕೆ ಶುರುವಾಗುವುದೇ ಇಲ್ಲ. ಅರ್ಧ ಎಣಿಕೆ ತಡವಾಗಿ ಅಥವಾ ಮುಂಚೆ ಎತ್ತಿಕೊಳ್ಳುತ್ತಾರೆ. ನಮ್ಮಲ್ಲಿ ಅದಕ್ಕೆ ಅನಾಗತ, ಅತೀತ ಅಂತ ಹೆಸರೇ ಇದೆ. ಗೊಂದಲ ಆದರೆ ಡ್ರಮ್ ಮೊದಲ ಸಲ ಪ್ರವೇಶಿಸುವ ಕ್ಷಣಕ್ಕೆ ವಾಪಸ್ ಹೋಗಿ. ಬರೀ ಗಿಟಾರಿನಿಂದ ಶುರುವಾಗುವ ಹಾಡಿನಲ್ಲಿ ನೀವು ಸಮ ಅಂದುಕೊಂಡದ್ದು ಸಮವೇ ಅಲ್ಲ ಅಂತ ಡ್ರಮ್ ಬಂದ ಮೇಲೆ ಗೊತ್ತಾಗುತ್ತದೆ. ಬೇಕಂತಲೇ ಮಾಡುವ ಚೇಷ್ಟೆ ಅದು.

ಊರಿಗೂ ಇದಕ್ಕೂ ಸಂಬಂಧ ಇದೆಯಾ?

ಈ ಮೆಟಲ್ ಹುಡುಗರೆಲ್ಲ ಮೃದಂಗ ಕಲಿತವರು ಅಂತ ನಾನು ಹೇಳುತ್ತಿಲ್ಲ. ಅವರು ಕಲಿತದ್ದು ಹೆಚ್ಚಾಗಿ ಹೊರದೇಶದ ಬ್ಯಾಂಡುಗಳನ್ನು ಕೇಳಿಯೇ. ಆದರೆ ಈ ಊರಿನಲ್ಲಿ ಲಯದ ಹುಚ್ಚು ಹೊಸದಲ್ಲ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇಲ್ಲಿಯದೇ. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಜರ್ಮನಿಯ ಎಂಬ್ರಿಯೊ ಎಂಬ ರಾಕ್ ಬ್ಯಾಂಡಿನ ಜೊತೆ ನುಡಿಸಿದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಇವರು ಮಾಡಿದ 'ಜ್ಯೋತಿ' ಆಲ್ಬಮ್ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಮೆಟಲ್ ಕೇಳಿ ಕಿವಿ ದಣಿದಾಗ ಅದನ್ನು ಹಾಕಿಕೊಳ್ಳಿ. ಅದೇ ಲೆಕ್ಕ, ತಣ್ಣನೆಯ ನೀರಿನಂತೆ ಹರಿಯುತ್ತದೆ.

ಬೇಸಿಗೆಯಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವಕ್ಕೂ ಒಂದು ಸಂಜೆ ಹೋಗಿ ಬನ್ನಿ. ಶ್ರೀ ರಾಮಸೇವಾ ಮಂಡಲಿ 1939ರಿಂದ ನಡೆಸಿಕೊಂಡು ಬಂದಿರುವ ಉತ್ಸವ. ತನಿ ಶುರುವಾದಾಗ ಕೆಲವರು ಎದ್ದು ಕಾಫಿಗೆ ಹೋಗುತ್ತಾರೆ. ನೀವು ಹೋಗಬೇಡಿ. ಮುಂದಿನ ಸಾಲಿನಲ್ಲಿ ತಾಳ ಹಾಕುತ್ತ ಕೂತಿರುವ ಹಿರಿಯರ ಕೈ ನೋಡಿ. ಮೃದಂಗ ಎಷ್ಟೇ ಕೆಣಕಿದರೂ ಆ ಕೈ ಕದಲುವುದಿಲ್ಲ. ಒಂದನೇ ಹೆಜ್ಜೆಯಲ್ಲಿ ಹೇಳಿದ್ದು ಆ ಕೈಯ ವಿಷಯವನ್ನೇ.

ಹೆಜ್ಜೆ 6: ಆ ಗಂಟಲು

ಹೆಚ್ಚಿನವರು ಸೋಲುವುದು ಇಲ್ಲಿ. 'ಯಾಕೆ ಹಾಗೆ ಕಿರಚುತ್ತಾರೆ?' ಗ್ರೌಲ್ ಅನ್ನುವ ಆ ಗೊಗ್ಗರು ದನಿಯಲ್ಲಿ ಮಾತು ಹುಡುಕಬೇಡಿ, ಸುಮ್ನೆ ಇನ್ನೊಂದು ಚರ್ಮವಾದ್ಯ ಅಂತ ಕೇಳಿ. ಅದು ಎಲ್ಲಿ ಗಿಟಾರಿನ ಜೊತೆ ಹೋಗುತ್ತದೆ, ಎಲ್ಲಿ ಸಿಂಬಲ್ ಪಕ್ಷ ಸೇರುತ್ತದೆ ಗಮನಿಸಿ. ಯಕ್ಷಗಾನದ ರಾಕ್ಷಸ ವೇಷದ ಅಬ್ಬರಕ್ಕೆ ಒಗ್ಗಿದ ಕಿವಿಗೆ ಇದು ಅಷ್ಟೇನೂ ಕಷ್ಟವಲ್ಲ. ಸಾಹಿತ್ಯ ಬೇಕಾದರೆ ಆಮೇಲೆ ಓದಿಕೊಳ್ಳಬಹುದು.

ಹೆಜ್ಜೆ 7: ಎದುರಿಗೆ ನಿಂತು ಕೇಳುವುದು

ರೆಕಾರ್ಡಿಂಗ್ ಎಷ್ಟೇ ಕೇಳಿದರೂ ಈ ಸಂಗೀತ ಮೈಗೆ ಹತ್ತುವುದು ಎದುರಿಗೆ ನಿಂತಾಗ. ಬೆಂಗಳೂರಿನಲ್ಲಿ ಅದು ಸಲೀಸಲ್ಲ. ಲೈವ್ ಸಂಗೀತಕ್ಕೆ ಹೆಸರಾಗಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಅದಕ್ಕೂ ಹಿಂದಿನ ವರ್ಷ, ಲೈವ್ ಸಂಗೀತಕ್ಕೆ ಪರವಾನಗಿ ಬೇಕು ಅನ್ನುವ ನಿಯಮ ಬಿಗಿಯಾಗಿ ಜಾರಿಯಾಗಿ ಎಷ್ಟೋ ಜಾಗಗಳು ಸದ್ದಡಗಿದ್ದವು. ಕವರ್ ಹಾಡು ಹಾಡುವವರಿಗೆ ಮತ್ತೆ ಕೆಲಸ ಸಿಕ್ಕಿತು. ಸ್ವಂತ ಹಾಡು, ಅದೂ ಇಂಥ ಲೆಕ್ಕದ ಹಾಡು ನುಡಿಸುವವರಿಗೆ ಜಾಗ ಸಿಗುವುದು ಇವತ್ತಿಗೂ ಕಷ್ಟ. ಒಳ್ಳೆಯ ಬ್ಯಾಂಡುಗಳು ಮರೆಯಾಗಲು ಕೇಳುಗರ ಸೋಮಾರಿತನ ಅರ್ಧ ಕಾರಣ ಆದರೆ, ನಿಂತು ನುಡಿಸಲು ಜಾಗವಿಲ್ಲದ್ದು ಇನ್ನರ್ಧ.

ಹಾಗಾಗಿ ಗಿಗ್ ಇದೆ ಅಂತ ಗೊತ್ತಾದರೆ ಮುಂದಿನ ಸಲ ನೋಡೋಣ ಅನ್ನಬೇಡಿ. ಬ್ಯಾಂಡಿನ ಇನ್‌ಸ್ಟಾಗ್ರಾಮ್ ಪುಟ ನೋಡುತ್ತಿರಿ, ನಾಲ್ಕು ದಿನ ಮುಂಚೆ ಮಾತ್ರ ಹೇಳುವುದು ಇವರ ಅಭ್ಯಾಸ. 2012ರಲ್ಲಿ ಶುರುವಾದ ಬೆಂಗಳೂರು ಓಪನ್ ಏರ್ ಉತ್ಸವದಲ್ಲಿ ಹೊರದೇಶದ ದೊಡ್ಡ ಹೆಸರುಗಳಿಗಿಂತ ಮುಂಚೆ, ಮಧ್ಯಾಹ್ನದ ಬಿಸಿಲಿನಲ್ಲಿ ನುಡಿಸುವವರನ್ನು ನೋಡಲು ಬೇಗ ಹೋಗಿ. ಸ್ಥಳೀಯರಿಗೆ ಸಿಗುವುದು ಬಹಳ ಸಲ ಆ ಹೊತ್ತೇ.

ಹೋಗುವ ಮುಂಚೆ ಮೆಡಿಕಲ್ ಶಾಪಿನಲ್ಲಿ ಸ್ಪಂಜಿನ ಇಯರ್‌ಪ್ಲಗ್ ಕೊಳ್ಳಿ. ಇದು ಅಂಜುಬುರುಕರ ಕೆಲಸ ಅಲ್ಲ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆದುಕೊಳ್ಳಬಹುದು ಅನ್ನುವುದು ಕೆಲಸದ ಜಾಗಗಳಿಗೆ ಹಾಕಿಕೊಟ್ಟ ಅಳತೆ. ಅದೇ ಅಳತೆಯಲ್ಲಿ 100 ಡೆಸಿಬೆಲ್ ಆದರೆ ಬರೀ ಕಾಲು ಗಂಟೆ. ಮೆಟಲ್ ಗಿಗ್ ನೂರನ್ನು ಸುಲಭವಾಗಿ ದಾಟುತ್ತದೆ. ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ತೂರಿಸಿ, ಉಬ್ಬುವ ತನಕ ಅದುಮಿ ಹಿಡಿಯಿರಿ. ಒಂದು ಸಲ ನಾನು ಮರೆತು ಸ್ಪೀಕರಿನ ಪಕ್ಕದಲ್ಲೇ ನಿಂತೆ. ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗಿತು, ಲೆಕ್ಕ ಹಾಗಿರಲಿ, ಅಮ್ಮ ಕರೆದದ್ದೂ ಕೇಳಲಿಲ್ಲ.

ನಿಲ್ಲುವ ಜಾಗವೂ ಮುಖ್ಯ. ವೇದಿಕೆಯ ಮುಂದೆ ಮಾಶ್ ಪಿಟ್ ಇರುತ್ತದೆ, ಅಲ್ಲಿ ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಾರೆ. ಖುಷಿಗಾಗಿಯೇ, ಬಿದ್ದರೆ ತಕ್ಷಣ ಎತ್ತಿ ನಿಲ್ಲಿಸುತ್ತಾರೆ. ಆದರೆ ತಾಳ ಹಾಕಲು ಅದು ಜಾಗವಲ್ಲ. ಸೌಂಡ್ ಮಿಕ್ಸ್ ಮಾಡುವವರ ಮುಂದೆ ನಿಲ್ಲಿ, ಸದ್ದು ಅಲ್ಲಿಗೇ ಹದವಾಗಿರುತ್ತದೆ. ಡ್ರಮ್ಮರಿನ ಬಲಗೈ ಕಾಣುವ ಕೋನ ಹುಡುಕಿ. ರಿಫ್ ಜಾರುತ್ತಿರುವಾಗ ಗುಂಪಿನ ತಲೆಗಳನ್ನು ನೋಡಿ. ಅರ್ಧ ಜನ ಗಿಟಾರಿನ ಜೊತೆ, ಅರ್ಧ ಜನ ಸಿಂಬಲ್ ಜೊತೆ ತಲೆ ಆಡಿಸುತ್ತಿರುತ್ತಾರೆ. ಸಮ ಬಂದಾಗ ಎಲ್ಲರ ತಲೆಯೂ ಒಟ್ಟಿಗೆ ಕೆಳಗೆ ಹೋಗುತ್ತದೆ. ಟಿಕೆಟ್ಟಿನ ದುಡ್ಡು ಅಲ್ಲಿಗೆ ವಸೂಲಿ.

ಮುಗಿದ ಮೇಲೆ ಟೇಬಲ್ಲಿನ ಮೇಲೆ ಟೀ ಶರ್ಟ್, ಸಿಡಿ ಇಟ್ಟಿದ್ದರೆ ಕೊಳ್ಳಿ. ಸ್ಟ್ರೀಮಿಂಗ್‌ನಲ್ಲಿ ಕೇಳಿದರೆ ಬ್ಯಾಂಡಿಗೆ ಸೇರುವುದು ಪುಡಿಗಾಸು. ಡ್ರಮ್ಮರ್ ಅಲ್ಲೇ ನೀರು ಕುಡಿಯುತ್ತ ನಿಂತಿದ್ದರೆ ಮಾತಾಡಿಸಿ. 'ಟೈಮ್ ಸಿಗ್ನೇಚರ್ ಏನು' ಅಂತ ಕೇಳಬೇಡಿ, ಅದು ಇಂಟರ್‌ವ್ಯೂ ಆಗಿಬಿಡುತ್ತದೆ. 'ಮೂರನೇ ಹಾಡಿನ ಮಧ್ಯ ಬಂತಲ್ಲ, ಅದನ್ನ ಬಾಯಲ್ಲಿ ಒಂದ್ಸಲ ಹೇಳ್ತೀರಾ ಗುರು?' ಅನ್ನಿ. ಹೇಳುತ್ತಾರೆ, ತೊಡೆ ತಟ್ಟಿಕೊಂಡು ಹೇಳುತ್ತಾರೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ ಅಂತ ಕೇಳಿ ಮಾಡಿಕೊಳ್ಳಿ. ಮನೆಗೆ ಹೋಗುವ ಆಟೊದಲ್ಲಿ ಪ್ರಸ್ತಾರ ಹಾಕಬಹುದು.